ಮುಂಬೈ ಕಾಲೇಜಿನಲ್ಲಿ ಕನ್ನಡ ಸಂಜೆ: ಪೋಸ್ಟರ್ ಯಾವ ಭಾಷೆಯಲ್ಲಿ, ಎಷ್ಟು, ಎಲ್ಲೆಲ್ಲಿ?

ಕುರ್ಲಾ_ಲೋಕಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲಿ ಬಿಕಾಂ ಎರಡನೇ ವರ್ಷ. ನಮ್ಮ ಕಾಲೇಜಿನಲ್ಲಿ ಕನ್ನಡದವರ ಒಂದು ಚಿಕ್ಕ ಗುಂಪಿದೆ. ಹೆಚ್ಚಿನವರ ಊರು ಉಡುಪಿ, ಮಂಗಳೂರು ಕಡೆ, ಕೆಲವರದು ಬೆಳಗಾವಿ, ವಿಜಯಪುರ. ಡಿಸೆಂಬರ್ ಎರಡನೇ ವಾರ ಕಾಲೇಜಿನ ಹಾಲ್‌ನಲ್ಲಿ ಒಂದು ಕನ್ನಡ ಸಂಜೆ ಇಟ್ಟುಕೊಂಡಿದ್ದೇವೆ. ಭಾವಗೀತೆ, ಯಕ್ಷಗಾನದ ಒಂದು ತುಣುಕು, ಆಮೇಲೆ ಅರ್ಧ ಗಂಟೆಯ ನಾಟಕ. ರಾಜ್ಯೋತ್ಸವಕ್ಕೇ ಮಾಡೋಣ ಅಂತ ಇತ್ತು, ಆದರೆ ನವೆಂಬರ್ 1ರ ಆಸುಪಾಸಿನಲ್ಲಿ ಪರೀಕ್ಷೆ, ದೀಪಾವಳಿ ರಜೆ ಎಲ್ಲ ಒಟ್ಟಿಗೆ ಬರುತ್ತವೆ, ಕ್ಯಾಂಪಸ್ಸಿನಲ್ಲಿ ಜನವೇ ಇರುವುದಿಲ್ಲ.

ಪೋಸ್ಟರಿನ ಜವಾಬ್ದಾರಿ ನನಗೆ ಕೊಟ್ಟಿದ್ದಾರೆ. ಕೈಯಲ್ಲಿರುವುದು ಒಟ್ಟು 3000 ರೂಪಾಯಿ. ಡಿಸೈನ್ ಮಾಡುವವರೂ ನಾವೇ, ಅಂಟಿಸುವವರೂ ನಾವೇ.

ದೊಡ್ಡ ಗೊಂದಲ ಭಾಷೆಯದು. ನಮ್ಮ ಗುಂಪಿನಲ್ಲೇ ಅರ್ಧ ಜನಕ್ಕೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಹಾಗಾಗಿ ಪೂರ್ತಿ ಕನ್ನಡದಲ್ಲಿ ಮಾಡಿದರೆ ಯಾರಿಗೆ ಓದೋದಕ್ಕೆ ಅಂತ ಕೆಲವರು ಕೇಳುತ್ತಾರೆ. ಪೂರ್ತಿ ಇಂಗ್ಲಿಷ್‌ನಲ್ಲಿ ಮಾಡಿದರೆ ಕನ್ನಡ ಸಂಜೆ ಅಂತ ಯಾಕೆ ಕರೀಬೇಕು ಅಂತ ಇನ್ನು ಕೆಲವರು. ಕಾಲೇಜಿನವರು ಇಂಗ್ಲಿಷ್ ಇರಲೇಬೇಕು ಅಂದಿದ್ದಾರೆ. ಒಬ್ಬ ಗೆಳೆಯನಂತೂ ಪೋಸ್ಟರೇ ಬೇಡ, ಇನ್‌ಸ್ಟಾಗ್ರಾಮ್ ಸಾಕು ಅನ್ನುತ್ತಿದ್ದಾನೆ.

ಇನ್ನೊಂದು ತೊಂದರೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಿ ಗೆಳತಿಯ ಲ್ಯಾಪ್‌ಟಾಪಿನ ಫೋಟೋಶಾಪಿಗೆ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಇದಕ್ಕೆ ಏನು ಮಾಡಬೇಕು? ಯಾವ ಅಳತೆ, ಎಷ್ಟು ಪ್ರತಿ, ಗೇಟಿಗೆ ಫ್ಲೆಕ್ಸ್ ಬೇಕಾ, ಎಲ್ಲಿ ಅಂಟಿಸಬೇಕು? ಮಾಡಿ ಗೊತ್ತಿರುವ ಅಣ್ಣ ಅಕ್ಕಂದಿರು ದಯವಿಟ್ಟು ಹೇಳಿ.


ಪುಣೆ_ಪ್ರೆಸ್

ನಾನು ಪುಣೆಯ ನಾರಾಯಣ ಪೇಠೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುವವನು, ಊರು ಧಾರವಾಡ. ಕಾಲೇಜು ಹುಡುಗರ ಪೋಸ್ಟರ್ ನಮ್ಮಲ್ಲಿ ಯಾವಾಗಲೂ ಬರುತ್ತಿರುತ್ತವೆ. ಒಂದು ಮಾತು ಮೊದಲು ಹೇಳಿಬಿಡುತ್ತೇನೆ. ಡಿಸೈನ್ ಆಮೇಲೆ. ಮೊದಲು ಒಂದು ಹಾಳೆ ತಗೊಂಡು ಪೋಸ್ಟರಿನಲ್ಲಿ ಏನೇನು ಬರೀಬೇಕು ಅಂತ ಬರೆಯಿರಿ. ಏನು ಕಾರ್ಯಕ್ರಮ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾರು ಬರಬಹುದು, ದುಡ್ಡು ಕೊಡಬೇಕಾ. ಇಷ್ಟೇ. ತಾರೀಖಿನ ಜೊತೆ ವಾರದ ಹೆಸರೂ ಇರಲಿ, ಯಾಕೆಂದರೆ ಜನ ನೆನಪಿಟ್ಟುಕೊಳ್ಳುವುದು ಶನಿವಾರ ಅಂತ, 12 ಅಂತ ಅಲ್ಲ. ಎಲ್ಲಿ ಅನ್ನುವ ಕಡೆ ಹಾಲ್ ಯಾವ ಮಹಡಿ, ಯಾವ ಗೇಟಿನಿಂದ ಬರಬೇಕು ಅಂತ ಬರೆಯಿರಿ. ಮುಂಬೈಯ ಕಾಲೇಜುಗಳಲ್ಲಿ ಹೊರಗಿನವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಅಲ್ವಾ? ಹಾಗಿದ್ದರೆ ಹೊರಗಿನವರಿಗೆ ಪ್ರವೇಶ ಇದೆಯೋ ಇಲ್ಲವೋ, ಗುರುತಿನ ಚೀಟಿ ತರಬೇಕೋ ಅನ್ನುವುದು ಪೋಸ್ಟರಿನಲ್ಲೇ ಇರಬೇಕು. ಪ್ರಿನ್ಸಿಪಾಲರ ಹೆಸರು, ಸಲಹಾ ಸಮಿತಿ, ಕಾರ್ಯದರ್ಶಿ, ಸಹ ಕಾರ್ಯದರ್ಶಿ ಇವೆಲ್ಲ ಆಮಂತ್ರಣ ಪತ್ರಿಕೆಗೆ ಸೇರಿದ್ದು. ಪೋಸ್ಟರಿನಲ್ಲಿ ಅವಕ್ಕೆ ಜಾಗ ಕೊಟ್ಟಷ್ಟೂ ಕಾರ್ಯಕ್ರಮ ಚಿಕ್ಕದಾಗುತ್ತಾ ಹೋಗುತ್ತದೆ.

ಅಳತೆ ಎ3 ಸಾಕು. ಅಂದರೆ 297 ಗುಣಿಸು 420 ಮಿಲಿಮೀಟರ್, ಎ4 ಹಾಳೆ ಎರಡು ಜೋಡಿಸಿದಷ್ಟು. ನೋಟಿಸ್ ಬೋರ್ಡಿನಲ್ಲಿ ಎ4 ಹಾಕಿದರೆ ಟೈಮ್ ಟೇಬಲ್ಲು, ಫೀಸ್ ನೋಟಿಸುಗಳ ನಡುವೆ ಕಳೆದುಹೋಗುತ್ತದೆ. ಡಿಜಿಟಲ್ ಮೆಷಿನ್ನುಗಳಲ್ಲಿ 12 ಗುಣಿಸು 18 ಅಥವಾ 13 ಗುಣಿಸು 19 ಇಂಚಿನ ಶೀಟು ಹೋಗುತ್ತದೆ, ಎ3 ಅದರಲ್ಲಿ ಕೂತು ಸುತ್ತ ಕಟಿಂಗ್‌ಗೆ ಜಾಗವೂ ಉಳಿಯುತ್ತದೆ. ನಿಮಗೆ 25, 30 ಪ್ರತಿ ಸಾಕು, ಅದಕ್ಕೆ ಡಿಜಿಟಲ್ಲೇ ಸರಿ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಮಾಡಬೇಕು, ಆ ಖರ್ಚು ನೂರಾರು ಪ್ರತಿ ತೆಗೆದರೆ ಮಾತ್ರ ಹೊಂದುತ್ತದೆ. ಯಾರಾದರೂ 30 ಪೋಸ್ಟರಿಗೆ ಆಫ್‌ಸೆಟ್ ಮಾಡಿಸಿ ಅಂದರೆ ಮುಂದಿನ ಅಂಗಡಿಗೆ ಹೋಗಿ.

ಕಾಗದ 130 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಆರ್ಟ್ ಪೇಪರ್ ಕೇಳಿ. ಅದಕ್ಕಿಂತ ತೆಳು ಇದ್ದರೆ ಟೇಪು ಎಳೆದಾಗ ಹರಿಯುತ್ತದೆ. 300 ಜಿಎಸ್‌ಎಂ ಕಾರ್ಡ್ ಚೆಂದ ಕಾಣುತ್ತದೆ ನಿಜ, ಆದರೆ ಭಾರಕ್ಕೆ ಗೋಡೆಯಿಂದ ಸುರುಳಿ ಬಿಟ್ಟು ಬೀಳುತ್ತದೆ. ಡಿಸೆಂಬರಿನಲ್ಲಿ ಮುಂಬೈಯಲ್ಲಿ ಮಳೆ ಇರುವುದಿಲ್ಲ, ಲ್ಯಾಮಿನೇಷನ್ ಬೇಡ. ಹೊಳಪಿನ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಕಾರಿಡಾರಿನ ಟ್ಯೂಬ್‌ಲೈಟು ಅದರ ಮೇಲೆ ಬಿದ್ದು ಅರ್ಧ ಅಕ್ಷರ ಕಾಣುವುದಿಲ್ಲ. ಇದೇ ಕಾರ್ಯಕ್ರಮ ಆಗಸ್ಟಿನಲ್ಲಿ ಇದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ, ಆ ತೇವಕ್ಕೆ ಕಾಗದವೂ ಉಬ್ಬುತ್ತದೆ, ಟೇಪೂ ಬಿಡುತ್ತದೆ.

ಫೈಲ್ ವಿಷಯ. ಎ3ಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇಟ್ಟರೆ 3508 ಗುಣಿಸು 4961 ಪಿಕ್ಸೆಲ್. ಮೊದಲೇ ಈ ಅಳತೆ ಇಟ್ಟುಕೊಂಡು ಶುರು ಮಾಡಿ, ಇನ್‌ಸ್ಟಾಗ್ರಾಮಿಗೆ ಮಾಡಿದ ಚೌಕವನ್ನು ಎಳೆದು ದೊಡ್ಡದು ಮಾಡಬೇಡಿ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಹಿನ್ನೆಲೆಯ ಬಣ್ಣ ಕತ್ತರಿಸುವ ಗೆರೆಯಾಚೆಗೂ ಅಷ್ಟು ಚಾಚಿರಲಿ, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಬಣ್ಣ ಸಿಎಂವೈಕೆಗೆ, ಅಂದರೆ ಪ್ರಿಂಟಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ ಹಾಕಿ ನೋಡಿ. ಸ್ಕ್ರೀನಿನಲ್ಲಿ ಉರಿಯುವ ಹಸಿರು, ಮಿಂಚುವ ನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಕೆಂಪು, ಹಳದಿ ಮಾತ್ರ ಪ್ರಿಂಟಿನಲ್ಲಿ ಚೆನ್ನಾಗಿ ಬರುತ್ತವೆ, ನಿಮ್ಮ ಅದೃಷ್ಟ. ಆದರೆ ಬಿಳಿ ಮೇಲೆ ಹಳದಿ ಅಕ್ಷರ ಬರೆದರೆ ಯಾರಿಗೂ ಕಾಣುವುದಿಲ್ಲ. ಹಳದಿ ಹಿನ್ನೆಲೆ, ಮೇಲೆ ಕಪ್ಪು ಅಥವಾ ದಟ್ಟ ಕೆಂಪು ಅಕ್ಷರ, ಇದು ದೂರದಿಂದ ಓದಲು ಸಿಗುತ್ತದೆ. ಚಿಕ್ಕ ಅಕ್ಷರಗಳಿಗೆ ಬರೀ ಕಪ್ಪು ಒಂದೇ ಬಣ್ಣ ಇಡಿ. ನಾಲ್ಕೂ ಬಣ್ಣ ಸೇರಿಸಿ ಮಾಡಿದ ಕಪ್ಪು ಇಟ್ಟರೆ ಮೆಷಿನ್ನಿನಲ್ಲಿ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಕೊನೆಯದು, ಮುಂಬೈ ಪುಣೆಯಲ್ಲಿ ಕನ್ನಡ ಪ್ರಿಂಟ್ ಮಾಡಿಸುವವರು ಮರೆಯಬಾರದ್ದು. ಅಂಗಡಿಯಲ್ಲಿ ಕನ್ನಡ ಓದಲು ಬರುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಮರಾಠಿ ಪೋಸ್ಟರಿನಲ್ಲಿ ತಪ್ಪಿದ್ದರೆ ಆಪರೇಟರ್ ಕಣ್ಣಿಗೇ ಬೀಳುತ್ತದೆ, ಅವನೇ ಕರೆದು ಹೇಳುತ್ತಾನೆ. ಕನ್ನಡದಲ್ಲಿ ಇಡೀ ಒತ್ತಕ್ಷರ ಹಾರಿಹೋದರೂ ಅವನಿಗೆ ಅದು ಚಿತ್ರವೇ. ಹಾಗಾಗಿ ಓಪನ್ ಫೈಲ್ (ಅಕ್ಷರ ಇನ್ನೂ ಬದಲಿಸಬಹುದಾದ ಫೈಲು) ಕೊಡಬೇಡಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿದ ಪಿಡಿಎಫ್ ಕೊಡಿ, ಜೊತೆಗೆ ಹೋಲಿಸಿ ನೋಡಲು ಒಂದು ಜೆಪಿಜಿ. ಒಂದೇ ಒಂದು ಪ್ರತಿ ತೆಗೆಸಿ, ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಹಿಡಿದು ಕನ್ನಡ ಬಲ್ಲ ಒಬ್ಬರು ಅಕ್ಷರ ಅಕ್ಷರ ಓದಿದ ಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.


ಅಕ್ಷರ_ಹುಚ್ಚಿ

ಒತ್ತಕ್ಷರ ಬಿಡಿಬಿಡಿಯಾಗುವ ಸಮಸ್ಯೆಗೆ ನಾನು ಹೇಳುತ್ತೇನೆ. ನಾನು ಮುಂಬೈಯಲ್ಲೇ ಅಪ್ಲೈಡ್ ಆರ್ಟ್ ಓದಿದವಳು, ಕನ್ನಡ ಅಕ್ಷರ ಅಂದರೆ ನನಗೆ ಪ್ರಾಣ.

ಫೋನು, ಕಂಪ್ಯೂಟರು ಅಕ್ಷರ ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಕ್ಷ ಅಂತ ಒಂದೇ ಅಕ್ಷರ ಇರುವುದಿಲ್ಲ. ಕ, ಹಲಂತದ ಗುರುತು, ಷ, ಹೀಗೆ ಮೂರು ತುಂಡು ಸಾಲಾಗಿ ಇರುತ್ತವೆ. ಅದನ್ನು ಜೋಡಿಸಿ ಒತ್ತಕ್ಷರ ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಫೋಟೋಶಾಪ್, ಇಲ್ಲಸ್ಟ್ರೇಟರ್ ಎರಡೂ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಸೆಟ್ ಆಗಿದ್ದರೆ ಜೋಡಿಸುವುದಿಲ್ಲ. ಫೋಟೋಶಾಪಿನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅಂತ ಇದೆ, ಅಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಹಳೆಯ ವರ್ಶನ್ ಆಗಿದ್ದರೆ ಅದೇ ಜಾಗದಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಮುಚ್ಚಿ ಮತ್ತೆ ತೆರೆದು ಹೊಸ ಫೈಲಿನಲ್ಲಿ ಟೈಪ್ ಮಾಡಿ. ಇಲ್ಲಸ್ಟ್ರೇಟರ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹುಡುಕಿ. ಇವೆಲ್ಲ ರಗಳೆ ಬೇಡ ಅಂದರೆ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಪುಕ್ಕಟೆ, ಕನ್ನಡ ಸರಿಯಾಗಿ ಜೋಡಿಸುತ್ತದೆ, ಔಟ್‌ಲೈನ್ ಮಾಡಿ ಪಿಡಿಎಫ್ ಕೂಡ ಕೊಡುತ್ತದೆ.

ಫಾಂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಪೋಸ್ಟರಿಗೆ ಬೇಕಾದ ದಪ್ಪ ಕನ್ನಡ ಅಕ್ಷರಗಳು ನಿಮ್ಮ ಊರಿನಲ್ಲೇ ಹುಟ್ಟಿವೆ. ಬಲೂ ತಮ್ಮ ಮತ್ತು ಅನೇಕ್ ಕನ್ನಡ ಅನ್ನುವ ಎರಡು ಫಾಂಟನ್ನೂ ಮಾಡಿದ್ದು ಏಕ್ ಟೈಪ್ ಅನ್ನುವ ಮುಂಬೈಯ ತಂಡ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಪ್ರಿಂಟಿಗೆ ಬಳಸಲು ಯಾರ ಅಪ್ಪಣೆಯೂ ಬೇಡ. ವಿಂಡೋಸ್‌ನಲ್ಲಿ ಬರುವ ತುಂಗಾ ಫಾಂಟ್ ಕೂಡ ಮುಂಬೈಯ ಅಕ್ಷರ ವಿನ್ಯಾಸಕ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ ಆದದ್ದು. ಕನ್ನಡ ಅಕ್ಷರಕ್ಕೆ ಈ ಊರಿನವರು ಇಷ್ಟು ಮಾಡಿರುವಾಗ ಮುಂಬೈಯ ಕಾಲೇಜಿನ ಗೋಡೆಯ ಮೇಲೆ ಅದು ಚೆನ್ನಾಗಿ ಕಾಣಲೇಬೇಕು ಅಂತ ನನಗೆ ಆಸೆ.

ಬಲೂ ತಮ್ಮ ಗುಂಡಗೆ, ದಪ್ಪ, ದೂರದಿಂದಲೇ ಕರೆಯುತ್ತದೆ. ಶೀರ್ಷಿಕೆಗೆ ಅದು. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಇದೆ. ಸಾಲು ಹಿಡಿಯದಿದ್ದರೆ ಅದರ ಕಿರಿದಾದ ರೂಪ ಬಳಸಿ, ಅಕ್ಷರವನ್ನು ಎರಡೂ ಕಡೆಯಿಂದ ಅಮುಕಬೇಡಿ. ಅಮುಕಿದ ಕನ್ನಡ ನೋಡಲು ಸಂಕಟವಾಗುತ್ತದೆ, ಗುಂಡಗಿನ ಅಕ್ಷರಗಳು ಮೊಟ್ಟೆಯ ಹಾಗೆ ಆಗಿಬಿಡುತ್ತವೆ. ಅಕ್ಷರಗಳ ನಡುವೆ ಜಾಗ ಬಿಡುವ ಆಟವನ್ನೂ ಕನ್ನಡಕ್ಕೆ ಆಡಬೇಡಿ, ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅದು ಚೆಂದ, ಇಲ್ಲಿ ಗುಣಿತದ ಚಿಹ್ನೆಗಳು ಅಕ್ಷರದಿಂದ ದೂರ ಹೋಗುತ್ತವೆ. ನೆರಳು, ಹೊಳಪು, ಸುತ್ತ ಬಿಳಿ ಗೆರೆ ಇವೂ ಬೇಡ.

ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಡಿಕ್ಕಿ ಹೊಡೆಯುತ್ತವೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಷ್ಟು ಬಿಡಿ. ಎಷ್ಟು ದೊಡ್ಡಕ್ಷರ ಅಂತ ಕೇಳಿದರೆ, ಬೋರ್ಡ್ ಬರೆಯುವವರ ಒಂದು ಅಂದಾಜಿದೆ: ಹತ್ತು ಅಡಿ ದೂರಕ್ಕೆ ಅಕ್ಷರದ ಎತ್ತರ ಒಂದು ಇಂಚು. ಕಾರಿಡಾರಿನಲ್ಲಿ ನಡೆಯುವವರು ಹತ್ತು ಅಡಿಯಿಂದಲೇ ಕನ್ನಡ ಸಂಜೆ ಅಂತ ಓದಬೇಕಾದರೆ ಆ ಎರಡು ಪದಗಳು ಕನಿಷ್ಠ ಒಂದಿಂಚು ಇರಲಿ. ನಾನಾದರೆ ಎರಡಿಂಚು ಇಡುತ್ತೇನೆ. ಹತ್ತಿರ ಬಂದ ಮೇಲೆ ಓದುವ ಮಾತುಗಳು ಚಿಕ್ಕದಿದ್ದರೆ ನಡೆಯುತ್ತದೆ.

ಚಿತ್ರ ಒಂದೇ ಇರಲಿ. ಯಕ್ಷಗಾನದ ಕಿರೀಟ, ಒಂದು ಮುಖ, ಅಷ್ಟೇ. ಗೂಗಲ್‌ನಿಂದ ಫೋಟೋ ಎತ್ತಬೇಡಿ, ಅದು ಯಾರೋ ತೆಗೆದ ಚಿತ್ರ, ಮೇಲಾಗಿ ಎ3ಗೆ ಹಿಗ್ಗಿಸಿದರೆ ಒಡೆದುಹೋಗುತ್ತದೆ. ವೇಷ ಕಟ್ಟುವ ನಿಮ್ಮ ಹುಡುಗನನ್ನೇ ಬೆಳಗಿನ ಬೆಳಕಿನಲ್ಲಿ ನಿಲ್ಲಿಸಿ ಫೋನಿನಲ್ಲಿ ತೆಗೆಯಿರಿ. ಆ ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.


ಮಾಟುಂಗಾ_ಮೇಷ್ಟ್ರು

ಮಗೂ, ಕನ್ನಡದಲ್ಲೇ ಮಾಡು. ನಾನು ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಓದಲು ಬಾರದ ಮಕ್ಕಳು ಕನ್ನಡ ಅಕ್ಷರವನ್ನು ಕಣ್ಣಾರೆ ನೋಡುವುದಾದರೂ ಎಲ್ಲಿ? ಅಂಗಡಿ ಬೋರ್ಡಿನಲ್ಲಿ ಇಲ್ಲ, ಸ್ಟೇಷನ್ನಿನಲ್ಲಿ ಇಲ್ಲ, ಪಠ್ಯಪುಸ್ತಕದಲ್ಲಿ ಇಲ್ಲ. ಕಾಲೇಜಿನ ಗೋಡೆಯ ಮೇಲೆ ಅಂಗೈ ಅಗಲದ ಕನ್ನಡ ಅಕ್ಷರ ಕಂಡರೆ ಇದು ನಮ್ಮ ಅಜ್ಜನ ಮನೆಯ ಕ್ಯಾಲೆಂಡರಿನಲ್ಲಿದ್ದ ಅಕ್ಷರ ಅಲ್ವಾ ಅಂತ ಒಬ್ಬ ಹುಡುಗ ನಿಲ್ಲುತ್ತಾನೆ. ನಿಂತರೆ ಸಾಕು, ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಾನೆ.

ಇನ್ನೊಂದು ಮಾತು. ಕಾಲೇಜಿನ ಒಳಗಷ್ಟೇ ಯೋಚಿಸಬೇಡ. ಈ ಊರಿನಲ್ಲಿ ಕನ್ನಡ ಓದುವವರು ತುಂಬಾ ಇದ್ದಾರೆ, ಅವರು ಹಿರಿಯರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ತಲೆಮಾರು ಅದು. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ಅಲ್ಲಿ ಒಂದು ಪೋಸ್ಟರ್ ಕೊಡು. ಮಾಟುಂಗಾದಲ್ಲಿ ಕರ್ನಾಟಕ ಸಂಘ, 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್, ಎರಡೂ ಕಡೆ ಕೇಳಿ ಬೋರ್ಡಿಗೆ ಹಾಕಿಸು. ಕಿಂಗ್ಸ್ ಸರ್ಕಲ್ ಸುತ್ತಿನ ಉಡುಪಿ ಹೋಟೆಲುಗಳ ಗಲ್ಲೆಯ ಹತ್ತಿರ ಒಂದೊಂದು. ಗಲ್ಲೆಯಲ್ಲಿ ಕೂತವರನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ ಕೇಳಿದರೆ ಬೇಡ ಅನ್ನುವವರು ಕಡಿಮೆ. ಅಲ್ಲಿಗೆ ಇಂಗ್ಲಿಷ್ ಪೋಸ್ಟರ್ ತಗೊಂಡು ಹೋದರೆ ಏನು ಚೆಂದ ಹೇಳು.


ವಾಸ್ಕೋದವಳು

ಮೇಷ್ಟ್ರ ಪ್ರೀತಿ ಅರ್ಥವಾಗುತ್ತದೆ, ಮಾಟುಂಗಾದ ಹೋಟೆಲಿಗೆ ಪೂರ್ತಿ ಕನ್ನಡ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಕ್ಯಾಂಪಸ್ಸಿನ ಒಳಗೆ ಪೂರ್ತಿ ಕನ್ನಡ ಬೇಡ. ನಾನು ಗೋವಾದ ವಾಸ್ಕೋದಲ್ಲಿ ಬೆಳೆದವಳು. ಇಲ್ಲಿ, ಝುವಾರಿನಗರದಲ್ಲಿ ಕನ್ನಡದವರು ಎಷ್ಟು ಜನ ಅಂತ ಬಂದು ನೋಡಿದವರಿಗೆ ಗೊತ್ತು. ಮಕ್ಕಳು ಕೊಂಕಣಿ, ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ, ಕನ್ನಡ ಬಾಯಲ್ಲಿ ಮಾತ್ರ. ಕಾಲೇಜಿನಲ್ಲಿ ಪೋಸ್ಟರ್ ನೋಡುವವರು ನಿಂತು ಪಕ್ಕದವರನ್ನು ಕೇಳುವುದಿಲ್ಲ ಮೇಷ್ಟ್ರೇ, ಮುಂದಿನ ಲೆಕ್ಚರಿಗೆ ಓಡುತ್ತಿರುತ್ತಾರೆ. ಕಣ್ಣು ಹಾಯಿಸುವ ಎರಡು ಮೂರು ಸೆಕೆಂಡಿನಲ್ಲಿ ದಿನ, ಹೊತ್ತು, ಜಾಗ ಗೊತ್ತಾಗದಿದ್ದರೆ ಅವರು ಬರುವುದಿಲ್ಲ. ಓದಲಾಗದವನಿಗೆ ಇದು ನನಗಲ್ಲ ಅಂತಲೂ ಅನ್ನಿಸುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಹಾಗೆ ಅನ್ನಿಸುವುದು ನನಗೆ ಸಹಿಸಲಾಗುವುದಿಲ್ಲ, ಯಾಕೆಂದರೆ ಕಾರ್ಯಕ್ರಮ ಇರುವುದೇ ಅವಳಿಗಾಗಿ.

ನಾವು ಮಾಡುತ್ತಿದ್ದದ್ದು ಹೀಗೆ. ಹೆಸರು ಕನ್ನಡ ಲಿಪಿಯಲ್ಲಿ, ಪೋಸ್ಟರಿನ ಮೂರನೇ ಒಂದು ಭಾಗ ತುಂಬುವಷ್ಟು ದೊಡ್ಡದಾಗಿ. ಅದು ಓದಲು ಬರದವರಿಗೂ ಕನ್ನಡ ಅಂತ ಗುರುತು ಸಿಗುತ್ತದೆ. ಅದರ ಕೆಳಗೆ ಒಂದು ಸಾಲು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ: ಬನ್ನಿ, ಕೂತು ಕೇಳಿ, ನಗ್ತಾ ಹೋಗಿ, ಈ ಥರ. ಮಾತು ಬಂದು ಲಿಪಿ ಬಾರದವರು ಅದನ್ನು ಓದಿದ ತಕ್ಷಣ ಅವರ ಮುಖ ಅರಳುತ್ತದೆ, ನಾನು ನೋಡಿದ್ದೇನೆ. ದಿನ, ಹೊತ್ತು, ಹಾಲ್ ಎಲ್ಲ ಇಂಗ್ಲಿಷಿನಲ್ಲಿ. ಮುಂಬೈ ಆದ್ದರಿಂದ ಮರಾಠಿಯಲ್ಲಿ ಸ್ವಾಗತದ ಒಂದು ಸಾಲು ಇರಲಿ, ನಾಟಕ, ಹಾಡು ಕೇಳಲು ಬರುವ ಮರಾಠಿ ಗೆಳೆಯರೂ ನಿಮಗೆ ಬೇಕಲ್ಲ. ಅದಕ್ಕಿಂತ ಜಾಸ್ತಿ ಬೇಡ, ನಾಲ್ಕು ಭಾಷೆಯಲ್ಲಿ ಒಂದೇ ವಿಷಯ ನಾಲ್ಕು ಸಲ ಬರೆದರೆ ಪೋಸ್ಟರ್ ಅಲ್ಲ, ಸರ್ಕಾರಿ ಪ್ರಕಟಣೆ.

ಎಲ್ಲಿ ಅಂಟಿಸಬೇಕು ಅನ್ನುವುದು ಡಿಸೈನಿನಷ್ಟೇ ಮುಖ್ಯ. ಜನ ನಡೆಯುವ ಕಡೆ ಅಲ್ಲ, ನಿಲ್ಲುವ ಕಡೆ ಹಾಕಿ. ಲಿಫ್ಟಿನ ಬಾಗಿಲ ಪಕ್ಕ, ಕ್ಯಾಂಟೀನಿನಲ್ಲಿ ಕೂಪನ್‌ಗೆ ಕ್ಯೂ ನಿಲ್ಲುವ ಜಾಗ, ನೀರಿನ ಕೂಲರ್, ಜೆರಾಕ್ಸ್ ಅಂಗಡಿ, ಲೈಬ್ರರಿಯ ಬ್ಯಾಗ್ ಇಡುವ ಕೌಂಟರ್, ಹುಡುಗಿಯರ ಕಾಮನ್ ರೂಮ್. ನಿಂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಐದು ಅಡಿಗೆ ಪೋಸ್ಟರಿನ ನಡು ಬರಲಿ. ಕ್ಯಾಂಟೀನಿನ ಹತ್ತಿರ ಒಂದರ ಪಕ್ಕ ಇನ್ನೊಂದು, ಮೂರು ಸಾಲಾಗಿ ಹಾಕಿ ನೋಡಿ, ಒಂದಕ್ಕಿಂತ ತುಂಬಾ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಕಾಲೇಜಿನ ಹೊರಗೆ ಗೋಡೆ, ದೀಪದ ಕಂಬ, ಬಸ್ ಸ್ಟಾಪ್, ಲೋಕಲ್ ಟ್ರೇನು ಯಾವುದಕ್ಕೂ ಅಂಟಿಸಬೇಡಿ. ಮಹಾರಾಷ್ಟ್ರದಲ್ಲಿ ಇದಕ್ಕೆ 1995ರ ಕಾಯ್ದೆ ಇದೆ, ಗೋವಾದಲ್ಲಿ 1988ರದ್ದು. ಎರಡೂ ಸಾರ್ವಜನಿಕವಾಗಿ ಕಾಣುವ ಆಸ್ತಿಯನ್ನು ವಿರೂಪಗೊಳಿಸುವುದರ ವಿರುದ್ಧ ಇರುವ ಕಾಯ್ದೆಗಳು. ಮರಕ್ಕೆ ಮೊಳೆ ಹೊಡೆಯುವುದಂತೂ ದೇವರಾಣೆಗೂ ಬೇಡ. ಗೇಟಿಗೆ ಫ್ಲೆಕ್ಸ್ ಕೂಡ ಬೇಡ ಅಂತ ನನ್ನ ಅಭಿಪ್ರಾಯ. ಅದು ಪಿವಿಸಿ ಪ್ಲಾಸ್ಟಿಕ್, ಒಂದು ದಿನದ ಕೆಲಸಕ್ಕೆ ಬಂದು ವರ್ಷಗಟ್ಟಲೆ ಕೊಳೆಯದೆ ಬಿದ್ದಿರುತ್ತದೆ. ಆ ದುಡ್ಡಿನಲ್ಲಿ ಬಿಳಿ ಬಟ್ಟೆ, ಬಣ್ಣ ತನ್ನಿ. ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದವರು ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಇರುತ್ತಾರೆ, ಹುಡುಕಿ. ಕನ್ನಡ ಬಾರದ ಮರಾಠಿ ಹುಡುಗಿಯೊಬ್ಬಳು ಕ, ನ, ಡ ಬರೆಯಲು ಕೂತರೆ ಅದೇ ಒಂದು ಪ್ರಚಾರ, ಸುತ್ತ ಹತ್ತು ಜನ ಸೇರುತ್ತಾರೆ.


ಕುರ್ಲಾ_ಲೋಕಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಂಪಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಎರಡು ಬಗೆ ಮಾಡೋಣ ಅಂತ ಆಯಿತು. ಕ್ಯಾಂಪಸ್ಸಿಗೆ ವಾಸ್ಕೋದ ಅಕ್ಕ ಹೇಳಿದ ಹಾಗೆ, ಮಾಟುಂಗಾ ಮತ್ತು ಕಲೀನಾಕ್ಕೆ ಮೇಷ್ಟ್ರು ಹೇಳಿದ ಹಾಗೆ ಪೂರ್ತಿ ಕನ್ನಡ. ಹೊರಗಿನವರನ್ನು ಒಳಗೆ ಬಿಡಲು ಕಾಲೇಜಿನವರು ಒಪ್ಪಿದ್ದಾರೆ, ಹೆಸರು ಮೊದಲೇ ಕೊಡಬೇಕು ಅಂದಿದ್ದಾರೆ. ಫೋಟೋಶಾಪ್ ಸೆಟ್ಟಿಂಗ್ ಬದಲಿಸಿದೆವು, ಒತ್ತಕ್ಷರ ಸರಿಯಾಯಿತು! ಬಲೂ ತಮ್ಮದಲ್ಲಿ ಕನ್ನಡ ಸಂಜೆ ಅಂತ ಬರೆದು ನೋಡಿದಾಗ ಎಲ್ಲರಿಗೂ ಎಷ್ಟು ಖುಷಿಯಾಯಿತು ಅಂದರೆ ಹೇಳಲಾಗದು.

ಈಗ ಎರಡು ಪ್ರಶ್ನೆ. ಹೆಸರು ಕೊಡಲು ಕ್ಯೂಆರ್ ಕೋಡ್ ಹಾಕಬೇಕು, ಎಷ್ಟು ದೊಡ್ಡದು? ಮತ್ತೆ ಯಾವಾಗ ಅಂಟಿಸಬೇಕು? ನನಗೆ ಒಂದು ತಿಂಗಳ ಮುಂಚೆಯೇ ಹಾಕಿಬಿಡೋಣ ಅನ್ನಿಸುತ್ತದೆ.


ಅಕ್ಷರ_ಹುಚ್ಚಿ

ಸ್ಕ್ಯಾನ್ ಮಾಡುವವರು ನಿಲ್ಲುವ ದೂರದ ಹತ್ತನೇ ಒಂದು ಭಾಗ ಅಂತ ಲೆಕ್ಕ ಇಟ್ಟುಕೊಳ್ಳಿ. ಕೈ ಚಾಚಿದರೆ ಅರ್ಧ ಮೀಟರ್, ಹಾಗಾಗಿ 5 ಸೆಂಟಿಮೀಟರ್ ಚೌಕ. ಸುತ್ತಲೂ ಖಾಲಿ ಬಿಳಿ ಜಾಗ ಇರಲೇಬೇಕು. ಬಿಳಿ ಮೇಲೆ ಕಪ್ಪು ಮಾತ್ರ, ಹಳದಿ ಕೆಂಪು ಕೋಡ್ ಮಾಡಲು ಹೋಗಬೇಡಿ, ನಡುವೆ ಲೋಗೋ ಕೂರಿಸಬೇಡಿ. ಕೆಲವು ಸೈಟುಗಳು ಪುಕ್ಕಟೆ ಕೋಡ್ ಕೊಟ್ಟು ಸ್ವಲ್ಪ ದಿನದಲ್ಲಿ ದುಡ್ಡು ಕೇಳಿ ನಿಲ್ಲಿಸಿಬಿಡುತ್ತವೆ. ಲಿಂಕ್ ನೇರವಾಗಿ ಒಳಗಿರುವ ಸ್ಟ್ಯಾಟಿಕ್ ಕೋಡನ್ನೇ ಮಾಡಿ. ಫಾರ್ಮಿನಲ್ಲಿ ಹೆಸರು, ಫೋನು, ಎಷ್ಟು ಜನ ಅಷ್ಟೇ ಕೇಳಿ. ಹಿರಿಯರಿಗೆ ಕೊಡುವ ಕನ್ನಡ ಪೋಸ್ಟರಿನಲ್ಲಿ ಕೋಡ್ ಜೊತೆ ಕರೆ ಮಾಡಲು ಒಂದು ನಂಬರೂ ಇರಲಿ, ನಂಬರ್ ಯಾರದೋ ಅವರನ್ನು ಮೊದಲೇ ಕೇಳಿಕೊಳ್ಳಿ.

ಇನ್‌ಸ್ಟಾಗ್ರಾಮ್ ಸಾಕು ಅಂದ ಗೆಳೆಯನಿಗೆ ಆ ಕೆಲಸವನ್ನೇ ಕೊಡಿ. ಅಲ್ಲಿ ಕಾಣುವುದು ಹೆಚ್ಚಾಗಿ ನಿಮ್ಮನ್ನು ಮೊದಲೇ ಬಲ್ಲವರಿಗೆ, ಗೋಡೆಯ ಮುಂದೆ ಹಾದುಹೋಗುವವರು ಎಲ್ಲರೂ. ಎರಡೂ ಬೇಕು. ಸ್ಟೋರಿಗೆ 1080 ಗುಣಿಸು 1920 ಪಿಕ್ಸೆಲ್‌ನಲ್ಲಿ ಬೇರೆಯೇ ಮಾಡಲಿ, ಎ3 ಅನ್ನು ಅದರಲ್ಲಿ ತುರುಕಿದರೆ ಅಕ್ಷರ ಓದಲಾಗುವುದಿಲ್ಲ.


ಪುಣೆ_ಪ್ರೆಸ್

ಒಂದು ತಿಂಗಳ ಮುಂಚೆ ಬೇಡ. ಅಷ್ಟು ದಿನ ಒಂದೇ ಜಾಗದಲ್ಲಿದ್ದರೆ ಕಣ್ಣಿಗೆ ರೂಢಿಯಾಗಿ ಯಾರೂ ನೋಡುವುದಿಲ್ಲ, ಮೇಲೆ ಬೇರೆಯವರು ತಮ್ಮದನ್ನು ಅಂಟಿಸುತ್ತಾರೆ. ಹತ್ತು ದಿನ ಮುಂಚೆ ಅರ್ಧ ಹಾಕಿ. ಉಳಿದರ್ಧ ಇಟ್ಟುಕೊಂಡು, ನಾಲ್ಕು ದಿನ ಇರುವಾಗ ಹರಿದ ಕಡೆ, ಮುಚ್ಚಿಹೋದ ಕಡೆ, ಹೊಸ ಜಾಗದಲ್ಲಿ ಹಾಕಿ. ಮಾಟುಂಗಾ, ಕಲೀನಾದ್ದು ಮಾತ್ರ ಎರಡು ವಾರ ಮುಂಚೆ ತಲುಪಲಿ, ಹಿರಿಯರು ಮನೆಯವರ ಜೊತೆ ಮಾತಾಡಿ ಬರುವವರು.

ಅದರಿಂದ ಹಿಂದಕ್ಕೆ ಎಣಿಸಿ. ಒಂದು ಪ್ರತಿಯ ಮೇಲೆ ಕಾಲೇಜಿನ ಸಹಿ, ಸೀಲು ಮೊದಲು ಪಡೆಯಿರಿ, ಅದಕ್ಕೇ ದಿನ ಹಿಡಿಯುತ್ತದೆ. ಪ್ರಿಂಟಾದ ಮೇಲೆ ಸಾಹೇಬರು ಲೋಗೋ ಎಡಕ್ಕೆ ಬರಲಿ ಅಂದರೆ 3000 ರೂಪಾಯಿ ಹೋಯಿತು. ಆದ್ದರಿಂದ ಕಪ್ಪು ಬಿಳುಪು ಜೆರಾಕ್ಸ್ ಮೇಲೇ ಒಪ್ಪಿಗೆ ತಗೊಳ್ಳಿ. ಗೋಡೆಯ ಬಣ್ಣ ಕೀಳದ ಮಾಸ್ಕಿಂಗ್ ಟೇಪು ಬಳಸಿ, ಗೋಂದು ಬೇಡ. ಕಾರ್ಯಕ್ರಮದ ಮಾರನೇ ದಿನ ಎಲ್ಲ ನೀವೇ ತೆಗೆದುಬಿಡಿ, ಮುಂದಿನ ವರ್ಷ ಪರ್ಮಿಷನ್ ಸುಲಭವಾಗುತ್ತದೆ.

ಪಿಡಿಎಫ್ ಆದ ಮೇಲೆ ಇಲ್ಲೇ ಹಾಕಿ, ಮೇಷ್ಟ್ರು ಕಾಗುಣಿತ ನೋಡಲಿ, ಬ್ಲೀಡು ಬಣ್ಣ ನಾನು ನೋಡುತ್ತೇನೆ. ಪ್ರಿಂಟಿಗೆ ಸೋಮವಾರ ಕೊಡಿ. ಶನಿವಾರ ಸಂಜೆ ಕೊಟ್ಟರೆ ಅವಸರದಲ್ಲಿ ಪ್ರೂಫ್ ತೋರಿಸದೆ ಓಡಿಸಿಬಿಡುತ್ತಾರೆ.


ಮಾಟುಂಗಾ_ಮೇಷ್ಟ್ರು

ಖಂಡಿತ ನೋಡುತ್ತೇನೆ. ಕನ್ನಡ ಪೋಸ್ಟರಿನ ನಾಲ್ಕು ಪ್ರತಿ ನನಗೆ ಕೊಡು ಮಗೂ, ಕಿಂಗ್ಸ್ ಸರ್ಕಲ್ಲಿನ ಹೋಟೆಲುಗಳಿಗೆ ನಾನೇ ಹೋಗಿ ಹಾಕಿಸುತ್ತೇನೆ. ವಾಸ್ಕೋದ ತಂಗಿ ಹೇಳಿದ ಇಂಗ್ಲಿಷ್ ಅಕ್ಷರದ ಕನ್ನಡ ಸಾಲಿನ ಕೆಳಗೆ ಅದೇ ಸಾಲನ್ನು ಕನ್ನಡ ಲಿಪಿಯಲ್ಲೂ ಬರೆಯಿರಿ, ಒಂದರ ಕೆಳಗೆ ಒಂದು, ಪದಕ್ಕೆ ಪದ ಸರಿಯಾಗಿ ಕೂರುವ ಹಾಗೆ. ಕೂಪನ್ ಕ್ಯೂನಲ್ಲಿ ನಿಂತ ಹೊತ್ತಿನಲ್ಲಿ ಯಾರಾದರೂ ನಾಲ್ಕು ಅಕ್ಷರ ಕಲಿತುಬಿಡಲಿ.